ನಿಲುವು ಅಪ್ಪನದು, ಜ್ವರ ಮಗನದು

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಈ ಗಾದೆ ಕೇಳದ ಕನ್ನಡಿಗರು ಕಡಿಮೆ. ಅದರ ಹಿಂದಿನ ಕತೆಯೂ ಬಹಳ ಜನಕ್ಕೆ ಗೊತ್ತು. ಬದನೆಕಾಯಿ ತಿನ್ನಬಾರದು ಎಂದು ಭಟ್ಟರು ಗುಡಿಯಲ್ಲಿ ಕೂತು ಊರಿಗೆಲ್ಲ ಹೇಳುತ್ತಾರೆ. ಕೇಳಿಸಿಕೊಂಡ ಹೆಂಡತಿ ಮನೆಗೆ ಬಂದು, ಇದ್ದ ಬದನೆಕಾಯಿಯನ್ನೆಲ್ಲ ತಿಪ್ಪೆಗೆ ಎಸೆಯುತ್ತಾಳೆ. ಭಟ್ಟರು ಊಟಕ್ಕೆ ಕೂತು ಎಣ್ಣೆಗಾಯಿ ಎಲ್ಲಿ ಎಂದು ಕೇಳುತ್ತಾರೆ.

ಹೇಳುವುದೊಂದು, ಮಾಡುವುದೊಂದು ಆದವರನ್ನು ಬೈಯಲು ನಮ್ಮಲ್ಲಿ ಮಾತಿಗೆ ಬರವಿಲ್ಲ. ಎಡಬಿಡಂಗಿ ಅನ್ನುತ್ತೇವೆ, ಗೋಸುಂಬೆ ಅನ್ನುತ್ತೇವೆ. ಗಾಳಿ ಬಂದ ಕಡೆ ತೂರಿಕೊಳ್ಳುವವನು ಅನ್ನುತ್ತೇವೆ. ಟಿವಿ ಭಾಷೆಯಲ್ಲಾದರೆ ಯೂ ಟರ್ನ್. ನುಡಿದಂತೆ ನಡೆಯಬೇಕು ಎಂದು ಶಾಲೆಯಲ್ಲಿ, ಮನೆಯಲ್ಲಿ, ಮಠದಲ್ಲಿ ಎಲ್ಲ ಕಡೆ ಕಲಿತು ಬಂದವರು ನಾವು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಾತಿಗೂ ನಡತೆಗೂ ಅಂತರ ಕಂಡ ಕೂಡಲೇ ಎಲ್ಲರಿಗೂ ಒಂದೇ ಬೈಗುಳ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಭಟ್ಟರ ಬದನೆಕಾಯಿ ಒಂದು ಜಾತಿಯ ಅಂತರ. ಬೇರೆ ಜಾತಿಯವೂ ಇವೆ. ಕೆಲವನ್ನು ನಾಚಿಕೆಗೇಡು ಎನ್ನಬೇಕು. ಕೆಲವಕ್ಕೆ ಕೈ ಮುಗಿಯಬೇಕು. ಇನ್ನು ಕೆಲವನ್ನು ಏನೆನ್ನಬೇಕೆಂದು ಬಹಳ ಹೊತ್ತು ಯೋಚಿಸಬೇಕು.

ಇದನ್ನು ಯೋಚಿಸಲು ಗಾಂಧಿಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಗಲಿಲ್ಲ. ಅವರನ್ನು ಪೂಜಿಸುವವರಿಗೂ ಬೈಯುವವರಿಗೂ ಸಾಕಾಗುವಷ್ಟು ಅಸಂಗತಿ ಅವರ ಬದುಕಿನಲ್ಲಿದೆ. ಅದರಲ್ಲಿ ಹೆಚ್ಚಿನದನ್ನು ಬರೆದಿಟ್ಟವರೂ ಅವರೇ.

ಮೊದಲು ಹಾಲಿನ ವಿಷಯ. 1912ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಹತ್ತಿರದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧಿ ಹಾಲು ಬಿಟ್ಟರು. ಬ್ರಹ್ಮಚರ್ಯಕ್ಕೆ ಹಾಲು ಒಳ್ಳೆಯದಲ್ಲ ಎಂಬ ನಂಬಿಕೆ ಒಂದು ಕಾರಣ. ಕಲ್ಕತ್ತಾದ ಕಡೆ ಹಸು ಎಮ್ಮೆಗಳಿಂದ ಕೊನೆಯ ಹನಿಯವರೆಗೂ ಹಾಲು ಕರೆಯಲು ಮಾಡುತ್ತಿದ್ದ ಹಿಂಸೆಯನ್ನು ಓದಿದ್ದು ಇನ್ನೊಂದು ಕಾರಣ. ಆರು ವರ್ಷದ ನಂತರ, 1918ರಲ್ಲಿ, ಗುಜರಾತಿನ ಖೇಡಾದಲ್ಲಿ ಓಡಾಡುತ್ತಿದ್ದಾಗ ಅವರಿಗೆ ಆಮಶಂಕೆ ಹತ್ತಿತು. ಬದುಕುವುದೇ ಕಷ್ಟ ಅನ್ನುವ ಹಾಗಾಯಿತು. ಕೊನೆಗೆ ಮುಂಬಯಿಯ ಡಾಕ್ಟರೊಬ್ಬರು ಹಾಲು ಕುಡಿಯದೆ ಮೈ ಕೂಡುವುದಿಲ್ಲ ಎಂದರು. ಗಾಂಧಿ ವ್ರತದ ಮಾತು ತೆಗೆದರು. ಹಸು ಎಮ್ಮೆಗೆ ಕೊಡುವ ಹಿಂಸೆಯ ಕತೆ ಹೇಳಿದರು. ಹತ್ತಿರ ನಿಂತಿದ್ದ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೇನು ಅಡ್ಡಿ ಎಂದು ಕೇಳಿದರು. ಗಾಂಧಿ ಒಪ್ಪಿ ಕುಡಿದರು. ಸಾಯುವವರೆಗೂ ಆಡಿನ ಹಾಲು ಅವರ ಆಹಾರವಾಯಿತು.

ವ್ರತ ಹಿಡಿದಾಗ ತನ್ನ ಮನಸ್ಸಿನಲ್ಲಿ ಇದ್ದದ್ದು ಹಸು ಎಮ್ಮೆ ಮಾತ್ರ ಎಂದು ಅವರು ಸಮಾಧಾನ ಹೇಳಿಕೊಂಡಿದ್ದರು. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂದು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಬದುಕುವ ಆಸೆ ಸತ್ಯದ ಮೇಲಿನ ನಿಷ್ಠೆಗಿಂತ ಬಲವಾಗಿತ್ತು ಎಂದರು. ಆ ನೆನಪು ಈಗಲೂ ಚುಚ್ಚುತ್ತದೆ ಎಂದೂ ಬರೆದರು. ಇಲ್ಲಿ ಅಂತರ ಇದೆ, ಅದೂ ತಮಗೇ ಅನುಕೂಲವಾಗುವ ಅಂತರ. ಆದರೂ ಭಟ್ಟರ ಬದನೆಕಾಯಿಗೆ ಇದನ್ನು ಹೋಲಿಸಲು ನನಗೆ ಮನಸ್ಸು ಬರುವುದಿಲ್ಲ. ಭಟ್ಟರಿಗೆ ಎರಡು ನ್ಯಾಯ ಬೇಕಿತ್ತು, ಊರಿಗೊಂದು, ತನಗೊಂದು. ಗಾಂಧಿ ತಾವು ಬಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದರು. ಹೊರಗಿನಿಂದ ನೋಡಿದರೆ ಎರಡೂ ನುಡಿ ನಡೆಯ ಅಂತರವೇ. ಒಳಗೆ ನಡೆದಿದ್ದು ಮಾತ್ರ ಬೇರೆ ಬೇರೆ.

ಈ ಕತೆಗೆ ನಮ್ಮ ಬೆಂಗಳೂರಿನ ತುಣುಕೊಂದು ಸೇರುತ್ತದೆ. 1927ರಲ್ಲಿ ಆರೋಗ್ಯ ಕೆಟ್ಟು ಗಾಂಧಿ ನಂದಿ ಬೆಟ್ಟದಲ್ಲಿ ವಿಶ್ರಾಂತಿಗೆ ಇದ್ದರು. ಅಲ್ಲಿಂದ ಇಳಿದು ಬೆಂಗಳೂರಿಗೆ ಬಂದವರು ಈಗ ಆಡುಗೋಡಿಯಲ್ಲಿರುವ ಹೈನುಗಾರಿಕೆ ಸಂಸ್ಥೆಗೆ, ಆಗಿನ ಇಂಪೀರಿಯಲ್ ಡೈರಿಗೆ, ಹೋಗಿ ದನ ಸಾಕುವುದನ್ನು ಕಲಿತರು. ಹಸುವಿನ ಹಾಲು ಮುಟ್ಟದ ಮನುಷ್ಯ ಹಸು ಸಾಕುವ ವಿದ್ಯೆಗೆ ವಿದ್ಯಾರ್ಥಿಯಾಗಿ ನಿಂತಿದ್ದ. ಸುಮ್ನೆ ನೋಡಿದರೆ ಇದೂ ವಿಚಿತ್ರ ಅಲ್ವಾ? ಯೋಚಿಸಿದರೆ ಹಾಗೆ ಕಾಣುವುದಿಲ್ಲ. ಹಾಲು ಬಿಡಲು ದನದ ಮೇಲಿನ ಹಿಂಸೆಯೂ ಕಾರಣವಾಗಿದ್ದರೆ, ಹಿಂಸೆಯಿಲ್ಲದೆ ದನ ಸಾಕುವುದು ಹೇಗೆ ಎಂದು ಕಲಿಯುವುದು ಅದೇ ದಾರಿಯ ಮುಂದಿನ ಹೆಜ್ಜೆ.

1918ರ ಆ ಕಾಯಿಲೆ ಬಂದ ಸಂದರ್ಭವನ್ನೂ ಬಿಡುವಂತಿಲ್ಲ. ಆಗ ಗಾಂಧಿ ಖೇಡಾದಲ್ಲಿ ಓಡಾಡುತ್ತಿದ್ದದ್ದು ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸಲು. ಅಹಿಂಸೆಯ ಮನುಷ್ಯ ಯುದ್ಧಕ್ಕೆ ಆಳು ಹುಡುಕುತ್ತಿದ್ದರು. ಕೆಲವೇ ತಿಂಗಳ ಹಿಂದೆ ಅದೇ ಹಳ್ಳಿಗಳಲ್ಲಿ ಕಂದಾಯ ಸತ್ಯಾಗ್ರಹ ನಡೆದಿತ್ತು. ಆಗ ಜನ ಬಾಡಿಗೆ ಕೇಳದೆ ಗಾಡಿ ಕೊಟ್ಟಿದ್ದರು. ಈಗ ಬಾಡಿಗೆ ಕೊಡುತ್ತೇನೆಂದರೂ ಗಾಡಿ ಸಿಗಲಿಲ್ಲ. ನೀವು ಅಹಿಂಸೆಯವರು, ನಮಗೆ ಹೇಗೆ ಕೋವಿ ಹಿಡಿಯಿರಿ ಅನ್ನುತ್ತೀರಿ ಎಂದು ಜನ ಕೇಳಿದರು. ಸಾಮ್ರಾಜ್ಯದ ಪ್ರಜೆಗಳಾಗಿ ಹಕ್ಕು ಕೇಳುವವರು ಅದರ ಕಷ್ಟಕ್ಕೂ ಆಗಬೇಕು ಎಂಬ ವಾದ ಗಾಂಧಿಯವರದ್ದು. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ರೈತರೇ ಹೆಚ್ಚು ಸ್ಪಷ್ಟವಾಗಿ ಯೋಚಿಸಿದರು ಎಂದು ನನ್ನ ಅನಿಸಿಕೆ. ಕೋವಿಯ ಎದುರು ನಿಲ್ಲಬೇಕಾಗಿದ್ದದ್ದು ಅವರ ಮಕ್ಕಳು.

ಇಲ್ಲಿಂದ ನನ್ನ ಯೋಚನೆ ಒಂದು ಪ್ರಶ್ನೆಯ ಕಡೆ ತಿರುಗಿತು. ಒಬ್ಬರ ಅಸಂಗತಿಗೆ ಬೆಲೆ ಕೊಡುವವರು ಯಾರು? ಹಾಗೆಯೇ, ಒಬ್ಬರ ಅಚಲ ನಿಲುವಿಗೆ ಬೆಲೆ ಕೊಡುವವರು ಯಾರು?

ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಮಾತಿಗೆ ತಪ್ಪದವರು ಅಂದ ಕೂಡಲೇ ನಮಗೆ ಗೌರವ ಬಂದುಬಿಡುತ್ತದೆ. 1902ರ ಸುಮಾರಿಗೆ ಮುಂಬಯಿಯಲ್ಲಿ ಗಾಂಧಿಯವರ ಎರಡನೆಯ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಬಂತು. ಜೊತೆಗೆ ನ್ಯುಮೋನಿಯಾ. ಹುಡುಗನಿಗೆ ಹತ್ತು ವರ್ಷ. ಔಷಧಿಯಿಂದ ಹೆಚ್ಚೇನೂ ಆಗದು, ಮೊಟ್ಟೆ ಮತ್ತು ಕೋಳಿ ಸಾರು ಕೊಡಿ ಎಂದು ಡಾಕ್ಟರು ಹೇಳಿದರು. ಗಾಂಧಿ ಒಪ್ಪಲಿಲ್ಲ. ಜೀವ ಹೋಗುವ ಹೊತ್ತಲ್ಲೂ ಬಿಡಬಾರದ್ದೇ ಧರ್ಮ ಎಂದರು. ಹುಡುಗನನ್ನು ಕೇಳಿದರು. ಅವನೂ ಅಪ್ಪನ ಹಾಗೇ ಆಗಲಿ ಎಂದ. ಹತ್ತು ವರ್ಷದ ಮಗು ಜ್ವರದಲ್ಲಿ ಮಲಗಿ ಅಪ್ಪನಿಗೆ ಇನ್ನೇನು ಹೇಳಬಲ್ಲದು? ಒದ್ದೆ ಬಟ್ಟೆ ಸುತ್ತಿ ಮಲಗಿಸಿದರು. ಗಾಂಧಿ ಹೆದರಿಕೆ ತಡೆಯಲಾರದೆ ಹೊರಗೆ ನಡೆದುಬಂದರು. ಹುಡುಗ ಬದುಕಿದ. ಮುಂದೆ ದೊಡ್ಡವನಾಗಿ ದಕ್ಷಿಣ ಆಫ್ರಿಕಾದಲ್ಲಿ ಅಪ್ಪನ ಪತ್ರಿಕೆಯನ್ನು ನಡೆಸಿದ.

ಬದುಕಿದ್ದರಿಂದ ಇದು ನಂಬಿಕೆ ಗೆದ್ದ ಕತೆಯಾಯಿತು. ಬದುಕದೇ ಹೋಗಿದ್ದರೆ? ನಿಲುವು ಅಪ್ಪನದು, ಜ್ವರ ಮಗನದು. ಈ ಪ್ರಸಂಗದಲ್ಲಿ ಗಾಂಧಿ ನುಡಿದಂತೆ ನಡೆದರು, ಹಾಲಿನ ವಿಷಯದಲ್ಲಿ ನಡೆಯಲಿಲ್ಲ. ಆದರೂ ನನ್ನ ಮನಸ್ಸಿಗೆ ಹತ್ತಿರವಾಗುವುದು ಆಡಿನ ಹಾಲು ಕುಡಿದ ಗಾಂಧಿಯೇ. ಅಲ್ಲಿ ಮಾತು ಮುರಿದದ್ದೂ ಅವರೇ, ಅದರ ನೋವು ಹೊತ್ತದ್ದೂ ಅವರೇ.

ನಂಬಿಕೆಗಿಂತ ನಡತೆ ಒಳ್ಳೆಯದಾಗಿರುವ ಸಂದರ್ಭಗಳೂ ಇವೆ. ಇದನ್ನು ನಾವು ಗಮನಿಸುವುದೇ ಇಲ್ಲ. ಅಂತರ ಅಂದ ಕೂಡಲೇ ಮಾತು ಬಂಗಾರ, ನಡತೆ ಕಬ್ಬಿಣ ಎಂದೇ ನಮ್ಮ ಲೆಕ್ಕ. ಉಲ್ಟಾ ಇರಬಹುದು ಅಲ್ವಾ?

1930ರ ಸುಮಾರಿಗೆ ರಿಚರ್ಡ್ ಲಾಪಿಯೆರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಚೀನೀ ದಂಪತಿಯೊಬ್ಬರ ಜೊತೆ ಕಾರಿನಲ್ಲಿ ದೇಶ ಸುತ್ತಿದ. ಅಲ್ಲಿ ಆಗ ಚೀನೀಯರ ಬಗ್ಗೆ ತಿರಸ್ಕಾರ ಬಹಳ ಇತ್ತು. ಹೋಟೆಲು, ವಸತಿಗೃಹ ಎಲ್ಲ ಸೇರಿ 251 ಕಡೆ ಅವರು ಹೋದರು. ಒಂದೇ ಒಂದು ಕಡೆ ಮಾತ್ರ ಒಳಗೆ ಬಿಡಲಿಲ್ಲ. ಕೆಲವು ತಿಂಗಳು ಬಿಟ್ಟು ಲಾಪಿಯೆರ್ ಅದೇ ಜಾಗಗಳಿಗೆ ಕಾಗದ ಬರೆದ. ಚೀನೀಯರಿಗೆ ನಿಮ್ಮಲ್ಲಿ ಜಾಗ ಕೊಡುತ್ತೀರಾ ಎಂದು ಕೇಳಿದ. 128 ಕಡೆಯಿಂದ ಉತ್ತರ ಬಂತು. 100ಕ್ಕೆ 90ಕ್ಕಿಂತ ಹೆಚ್ಚು ಮಂದಿ ಕೊಡುವುದಿಲ್ಲ ಎಂದು ಬರೆದಿದ್ದರು. 1934ರಲ್ಲಿ ಇದನ್ನು ಪ್ರಕಟಿಸಿದ. ಇದಕ್ಕೆ ಆಕ್ಷೇಪಗಳೂ ಇವೆ. ಕಾಗದಕ್ಕೆ ಉತ್ತರ ಬರೆದವರೂ ಬಾಗಿಲಲ್ಲಿ ನಿಂತಿದ್ದವರೂ ಬೇರೆ ಬೇರೆಯವರಿರಬಹುದು. ಆ ದಂಪತಿ ಚೆನ್ನಾಗಿ ಬಟ್ಟೆ ಹಾಕಿಕೊಂಡು, ನಗುನಗುತ್ತ ಇಂಗ್ಲಿಷ್ ಮಾತಾಡುತ್ತಿದ್ದರು. ಜೊತೆಗೊಬ್ಬ ಬಿಳಿಯ ಮೇಷ್ಟ್ರಿದ್ದ. ಇಷ್ಟೆಲ್ಲ ಕಳೆದರೂ ಒಂದು ವಿಷಯ ಉಳಿಯುತ್ತದೆ. ಕಾಗದದ ಮೇಲೆ 'ಚೀನೀಯರು' ಎಂಬ ಗುಂಪಿಗೆ ಇಲ್ಲ ಎನ್ನುವುದು ಸುಲಭ. ಎದುರಿಗೆ ಸುಸ್ತಾಗಿ ನಿಂತ ಇಬ್ಬರು ಮನುಷ್ಯರಿಗೆ ಇಲ್ಲ ಎನ್ನುವುದು ಕಷ್ಟ.

ನಮ್ಮ ಅಜ್ಜಿ ಇದೇ ತರಹ ಇದ್ದರು. ಮಡಿ ಅಂದರೆ ಮಡಿ. ಒಲೆಯ ಹತ್ತಿರ ನಾವು ಮೊಮ್ಮಕ್ಕಳೂ ಸುಳಿಯುವಂತಿರಲಿಲ್ಲ. ಕೊಟ್ಟಿಗೆ ಗುಡಿಸಲು ಬರುತ್ತಿದ್ದ ಹೆಂಗಸು ಹಿತ್ತಿಲ ಮೆಟ್ಟಿಲು ದಾಟುತ್ತಿರಲಿಲ್ಲ. ಅವರಿಗೆ ಮಜ್ಜಿಗೆಯನ್ನು ಮೇಲಿನಿಂದ ಸುರಿಯುತ್ತಿದ್ದರು. ಒಂದು ಮಳೆಗಾಲದಲ್ಲಿ ಆ ಹೆಂಗಸು ಜ್ವರದ ಮಗುವನ್ನು ಹೊತ್ತುಕೊಂಡೇ ಕೆಲಸಕ್ಕೆ ಬಂದರು. ಅಜ್ಜಿ ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತರು. ತೊಡೆಯ ಮೇಲೆ ಮಲಗಿಸಿಕೊಂಡು ಗಂಜಿ ಕುಡಿಸಿದರು. ಹಣೆಗೆ ಒದ್ದೆ ಬಟ್ಟೆ ಹಾಕಿದರು. 'ಬೇಡ್ರವ್ವಾ, ಮುಟ್ಟಬ್ಯಾಡ್ರಿ' ಎಂದು ಆ ಹೆಂಗಸೇ ಅಂಗಲಾಚುತ್ತಿದ್ದರು. 'ಸುಮ್ನಿರೇ, ಮಗಾ ಸುಡ್ತಾ ಇದೆ' ಎಂದರು ಅಜ್ಜಿ. ಸಾಯಂಕಾಲ ತಲೆಗೆ ಸ್ನಾನ ಮಾಡಿದರು. ಮಾರನೆಯ ದಿನ ಮತ್ತೆ ಮಜ್ಜಿಗೆ ಮೇಲಿನಿಂದಲೇ.

ಅಜ್ಜಿಯ ಮನಸ್ಸು ಅವರ ಕಟ್ಟಳೆಗಿಂತ ದೊಡ್ಡದಿತ್ತು ಎಂದು ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅದು ನಿಜ. ಅಜ್ಜಿಯ ಮೇಲೆ ನನಗೂ ಬಹಳ ಪ್ರೀತಿ. ಆದರೆ ಆ ಹೆಂಗಸಿನ ಕಡೆಯಿಂದ ನೋಡಿದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಒಂದು ದಿನದ ದಯೆ ಬಂತು, ಹೋಯಿತು. ಕಟ್ಟಳೆ ಮೆಟ್ಟಿಲ ಮೇಲೆ ಹಾಗೇ ನಿಂತಿತ್ತು. ನಡತೆ ನಂಬಿಕೆಯನ್ನು ಒಮ್ಮೆ ದಾಟಿತು. ದಾಟಿದ ಮೇಲೆ ನಂಬಿಕೆಯ ಕಡೆ ತಿರುಗಿ ನೋಡಿ, ಇದು ಸರಿಯಾ ಎಂದು ಕೇಳಲಿಲ್ಲ. ಮಗುವಿನ ಮೈ ಮುಟ್ಟಿದ ಕೈಗೆ ಏನೂ ಆಗಲಿಲ್ಲ ಅನ್ನುವುದು ಅಜ್ಜಿಗೆ ಗೊತ್ತಾಗಿತ್ತು. ಆ ತಿಳಿವಳಿಕೆಗೆ ಅಡುಗೆಮನೆಯೊಳಗೆ ಜಾಗ ಸಿಗಲಿಲ್ಲ.

ಗಾಂಧಿಯಲ್ಲೂ ಇಂಥದ್ದು ಇತ್ತು. 1915ರಲ್ಲಿ ಅಹಮದಾಬಾದಿನ ಕೋಚರಬ್ ಆಶ್ರಮಕ್ಕೆ ದೂದಾಭಾಯಿ ಎಂಬ ದಲಿತ ಮೇಷ್ಟ್ರು, ಅವರ ಹೆಂಡತಿ ದಾನಿಬೆಹನ್, ಪುಟ್ಟ ಮಗಳು ಲಕ್ಷ್ಮಿ ಬಂದು ಸೇರಿದರು. ಆಶ್ರಮಕ್ಕೆ ಬರುತ್ತಿದ್ದ ಹಣ ನಿಂತುಹೋಯಿತು. ಬಾವಿಯಲ್ಲಿ ನೀರು ಸೇದಲು ತಕರಾರು ಬಂತು. ಆಶ್ರಮದೊಳಗಿನವರಿಗೂ ಕಸ್ತೂರಬಾಗೂ ಇದು ಕಷ್ಟವಾಯಿತು. ದಲಿತರ ಕೇರಿಗೇ ಹೋಗಿ ಇರೋಣ ಎಂದು ಗಾಂಧಿ ತಯಾರಾದರು. ಅಷ್ಟರಲ್ಲಿ ಶ್ರೀಮಂತರೊಬ್ಬರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದರು. ಆಶ್ರಮ ಉಳಿಯಿತು. ಒಂದೇ ಅಡುಗೆ, ಒಂದೇ ಊಟ. ಇದು ನಡತೆ.

ಆದರೆ 1921ರಲ್ಲಿ ಅದೇ ಗಾಂಧಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬೇರೆ ಮಾತು ಬರೆದರು. ಬೇರೆ ಜಾತಿಯವರ ಜೊತೆ ಊಟ, ಮದುವೆ ಬೇಡ ಎಂಬ ಕಟ್ಟು ಆತ್ಮದ ಬೆಳವಣಿಗೆಗೆ ಅಗತ್ಯ ಎಂದರು. ಅಸ್ಪೃಶ್ಯತೆ ಪಾಪ, ವರ್ಣ ಸರಿ ಎಂಬುದು ಆಗಿನ ಅವರ ನಿಲುವು. ತಮ್ಮ ಆಶ್ರಮದ ಊಟದ ಸಾಲು ಹೇಳುತ್ತಿದ್ದ ಸತ್ಯಕ್ಕಿಂತ ಅವರ ಲೇಖನ ಆರು ವರ್ಷ ಹಿಂದಿತ್ತು. ವರ್ಷಗಳು ಹೋದ ಹಾಗೆ ಮಾತೂ ಬದಲಾಯಿತು. 1946ರ ಹೊತ್ತಿಗೆ, ವಧು ವರರಲ್ಲಿ ಒಬ್ಬರು ದಲಿತರಾಗಿಲ್ಲದಿದ್ದರೆ ಆ ಮದುವೆಗೆ ತನ್ನ ಆಶೀರ್ವಾದ ಇಲ್ಲ ಎನ್ನುವವರೆಗೆ ಬಂದರು. 1921ರ ಗಾಂಧಿಯನ್ನೂ 1946ರ ಗಾಂಧಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಜಗಳವೇ ಆದೀತು.

ಇಂಥ ವ್ಯತ್ಯಾಸಗಳನ್ನು ಜನ ಎತ್ತಿ ತೋರಿಸಿದಾಗ, 1933ರಲ್ಲಿ ಹರಿಜನ ಪತ್ರಿಕೆಯಲ್ಲಿ ಗಾಂಧಿ ಉತ್ತರ ಕೊಟ್ಟಿದ್ದರು. ಸುಸಂಗತವಾಗಿ ಕಾಣುವ ಚಿಂತೆ ತನಗಿಲ್ಲ ಎಂದರು. ಒಂದೇ ವಿಷಯದ ಮೇಲೆ ತನ್ನ ಎರಡು ಬರಹಗಳಲ್ಲಿ ವ್ಯತ್ಯಾಸ ಕಂಡರೆ ನಂತರದ್ದನ್ನು ಆರಿಸಿಕೊಳ್ಳಿ ಎಂದರು. ಈ ಮಾತು ನನಗೆ ಬಹಳ ಇಷ್ಟ. ಹಳೆಯದನ್ನು ಅಳಿಸುವುದಿಲ್ಲ, ಮುಚ್ಚಿಡುವುದೂ ಇಲ್ಲ. ಎರಡೂ ನಿಮ್ಮ ಮುಂದಿವೆ, ನಾನು ಈಗ ನಿಂತಿರುವುದು ಇಲ್ಲಿ, ಅಷ್ಟೇ.

ಅಂಬೇಡ್ಕರ್ ಅವರಿಗೆ ಇದು ಸಾಕಾಗಲಿಲ್ಲ. ಅವರ ದೂರು ಬೇರೆ ತರಹದ್ದು. 1955ರಲ್ಲಿ ಬಿಬಿಸಿಗೆ ಕೊಟ್ಟ ಸಂದರ್ಶನದಲ್ಲಿ ಅದನ್ನು ಬಿಚ್ಚಿ ಹೇಳಿದರು. ಗಾಂಧಿ ಇಂಗ್ಲಿಷ್ ಪತ್ರಿಕೆಯಲ್ಲಿ ಜಾತಿಯ ವಿರೋಧಿಯಾಗಿ ಕಾಣುತ್ತಾರೆ, ಗುಜರಾತಿ ಪತ್ರಿಕೆಯಲ್ಲಿ ಅದೇ ಹೊತ್ತಿಗೆ ಸಂಪ್ರದಾಯಸ್ಥರಾಗಿ ಕಾಣುತ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ಎಂದರು. ಈ ದೂರು ಎಷ್ಟು ಸರಿ ಎಂಬ ವಾದ ಇನ್ನೂ ನಡೆಯುತ್ತಿದೆ. ಆದರೆ ಅದು ಹಿಡಿದ ವ್ಯತ್ಯಾಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನಿನ್ನೆ ಒಂದು, ಇವತ್ತು ಇನ್ನೊಂದು ಹೇಳಿದರೆ ಅದು ಬದಲಾವಣೆ ಇರಬಹುದು. ಇವತ್ತೇ ಇವರಿಗೊಂದು, ಅವರಿಗೊಂದು ಹೇಳಿದರೆ ಅದನ್ನು ಬದಲಾವಣೆ ಎನ್ನಲು ಬರುವುದಿಲ್ಲ. ನಂತರದ್ದನ್ನು ಆರಿಸಿಕೊಳ್ಳಿ ಎನ್ನುವ ಗಾಂಧಿಯವರ ಸೂತ್ರ ಅಲ್ಲಿ ಕೆಲಸ ಮಾಡುವುದಿಲ್ಲ. ಎರಡೂ ಒಂದೇ ದಿನದ್ದಾದರೆ ನಂತರದ್ದು ಯಾವುದು?

ಇನ್ನೊಂದು ವಿಷಯವೂ ಇದೆ. ದೊಡ್ಡವರು ನಿಧಾನವಾಗಿ ಬದಲಾಗುತ್ತಿರುವಾಗ ಕಾಯುವವರು ಯಾರು? 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡಿನಲ್ಲಿ, ದಲಿತರಿಗೆ ನೀರು ಮುಟ್ಟಲು ಬಿಡದಿದ್ದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಜೊತೆಗೆ ಬಂದವರೂ ಕುಡಿದರು. ಅದಕ್ಕಾಗಿ ಏಟೂ ತಿಂದರು. ಗಾಂಧಿ ನಂದಿ ಬೆಟ್ಟಕ್ಕೆ ವಿಶ್ರಾಂತಿಗೆ ಬಂದದ್ದು ಅದರ ಮುಂದಿನ ತಿಂಗಳು. ಗಾಂಧಿಯವರ 25 ವರ್ಷದ ಪಯಣವನ್ನು ಒಬ್ಬ ಪ್ರಾಮಾಣಿಕ ಮನುಷ್ಯನ ಬೆಳವಣಿಗೆ ಎಂದು ಓದಲು ನನಗೆ ಕಷ್ಟವಿಲ್ಲ. ಆದರೆ ಆ 25 ವರ್ಷದಲ್ಲಿ ಹುಟ್ಟಿ, ಬೆಳೆದು, ಕೆರೆಯ ದಡದಲ್ಲಿ ನಿಂತು ಬೇರೆಯವರು ನೀರು ಸುರಿಯಲಿ ಎಂದು ಕಾದವರಿಗೆ ಅದು ಹಾಗೆ ಕಾಣಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಅಂಬೇಡ್ಕರ್ ಅವರಲ್ಲೂ ಜನ ಅಸಂಗತಿ ಹುಡುಕುತ್ತಾರೆ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು 1953ರಲ್ಲಿ ರಾಜ್ಯಸಭೆಯಲ್ಲಿ, ಇದನ್ನು ಸುಡಲು ನಾನೇ ಮೊದಲಿಗ ಎಂದರು. ಆ ಒಂದು ಮಾತನ್ನು ಮಾತ್ರ ಕಿತ್ತು ತೋರಿಸುವವರು ಬಹಳ. ಎರಡು ವರ್ಷದ ನಂತರ ಅವರೇ ಕಾರಣ ಹೇಳಿದರು. ದೇವರಿಗೆಂದು ಗುಡಿ ಕಟ್ಟಿದೆವು, ದೇವರು ಬರುವ ಮೊದಲೇ ಅಸುರರು ಬಂದು ಕೂತರೆ ಗುಡಿಯನ್ನು ಕೆಡವದೆ ಏನು ಮಾಡುವುದು ಎಂಬರ್ಥದಲ್ಲಿ. ಕಟ್ಟಿದ್ದೂ ಸುಡುತ್ತೇನೆಂದದ್ದೂ ಒಂದೇ ಆಸೆಯಿಂದ ಬಂದಿತ್ತು.

ಅದೇ ಅಂಬೇಡ್ಕರ್ 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದು ನನ್ನ ಕೈಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಡಿಸೆಂಬರ್ 6ರಂದು ತೀರಿಕೊಂಡರು. 21 ವರ್ಷ ಆ ಮಾತನ್ನು ಹೊತ್ತು ತಿರುಗಿದರು. ನಡುವೆ ಎಷ್ಟೋ ಧರ್ಮಗಳನ್ನು ಓದಿದರು, ತೂಗಿ ನೋಡಿದರು. ಯಾವ ಧರ್ಮ ಎಂಬ ಅಭಿಪ್ರಾಯ ಗಟ್ಟಿಯಾಗಲು ವರ್ಷಗಳು ಹಿಡಿದವು. ಕೊಟ್ಟ ಮಾತು ಮಾತ್ರ ಅಲುಗಲಿಲ್ಲ. ಅಭಿಪ್ರಾಯ ನನ್ನದು, ಅದನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯವೂ ನನ್ನದು. ಕೊಟ್ಟ ಮಾತಿನಲ್ಲಿ ಕೇಳಿಸಿಕೊಂಡವರದ್ದೂ ಪಾಲಿರುತ್ತದೆ. ಚುನಾವಣೆಗೆ ಮೊದಲು ಒಂದು ಪಕ್ಷ, ಗೆದ್ದ ಮೇಲೆ ಇನ್ನೊಂದು ಪಕ್ಷ ಅನ್ನುವವರ ಮೇಲೆ ನಮಗೆ ಬರುವ ಸಿಟ್ಟು ನ್ಯಾಯವಾದದ್ದು. ಮನಸ್ಸು ಬದಲಾಯಿತು ಎಂದು ಅವರು ಹೇಳುವಾಗ ನಮ್ಮ ಪಾಲಿನ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ.

ಗುಣದ ವಿಷಯಕ್ಕೆ ಬಂದರೆ ಇನ್ನೂ ಸಿಕ್ಕು. ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು 1920ರ ದಶಕದಲ್ಲಿ ಅಮೆರಿಕದ ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆ ಪರೀಕ್ಷಿಸಿದರು. ಕಾಪಿ ಹೊಡೆಯಲು, ಸುಳ್ಳು ಹೇಳಲು, ಚಿಲ್ಲರೆ ಕದಿಯಲು ಬೇರೆ ಬೇರೆ ಅವಕಾಶ ಕೊಟ್ಟು ನೋಡಿದರು. ಒಂದು ಕಡೆ ಪ್ರಾಮಾಣಿಕನಾಗಿದ್ದ ಹುಡುಗ ಇನ್ನೊಂದು ಕಡೆ ಮೋಸ ಮಾಡಿದ. ಇವನು ಒಳ್ಳೆಯವನು, ಇವನು ಕಳ್ಳ ಎಂದು ಎರಡು ಸಾಲು ಮಾಡಿ ನಿಲ್ಲಿಸಲು ಆಗಲಿಲ್ಲ. ಹಾಗಾದರೆ ಗುಣ ಅನ್ನುವುದೇ ಇಲ್ಲವಾ? ಆಮೇಲೆ ಬಂದ ಸಂಶೋಧಕರು ಇನ್ನೊಂದು ಅಂಶ ತೋರಿಸಿದರು. ಒಂದೊಂದೇ ಘಟನೆ ಹಿಡಿದರೆ ಏನೂ ಹೇಳಲು ಬರುವುದಿಲ್ಲ. ಬಹಳ ಘಟನೆಗಳನ್ನು ಕೂಡಿಸಿ ನೋಡಿದರೆ ಮನುಷ್ಯನ ಜಾಡು ಕಾಣುತ್ತದೆ. ಹಾಗಾಗಿ ಯಾರದ್ದೋ ಹತ್ತು ವರ್ಷ ಹಿಂದಿನ ಒಂದು ಮಾತನ್ನು ಹೆಕ್ಕಿ ತಂದು, ನೋಡಿ ಇವರ ಬಣ್ಣ ಎಂದಾಗ ನನಗೆ ಕಸಿವಿಸಿಯಾಗುತ್ತದೆ. ಒಂದು ಮಾತಿನಿಂದ ಜಾಡು ಹಿಡಿಯಲು ಆಗುವುದಿಲ್ಲ.

ನಾವೆಲ್ಲ ಹಾಡಿ ಬೆಳೆದ ಪುಣ್ಯಕೋಟಿಯ ಕತೆ ಈ ವಿಷಯದಲ್ಲಿ ನನ್ನನ್ನು ಬಹಳ ಕಾಡಿದೆ. ಹಸು ಮಾತಿಗೆ ತಪ್ಪಲಿಲ್ಲ, ಅದಕ್ಕೇ ಅದು ದೊಡ್ಡದು ಎಂದು ನಮಗೆ ಕಲಿಸಿದ್ದಾರೆ. ಆ ಕತೆಯಲ್ಲಿ ಹುಲಿಯೂ ಇದೆ. ಹುಲಿ ತನ್ನ ಸ್ವಭಾವಕ್ಕೆ ತಪ್ಪಿತು. ಹಸಿದ ಹುಲಿ, ತಾನಾಗಿ ಬಂದು ನಿಂತ ಹಸು, ಆದರೂ ತಿನ್ನಲಿಲ್ಲ. ಹಸು ಇದ್ದ ಹಾಗೇ ಇದ್ದು ಗೆದ್ದರೆ, ಹುಲಿ ಇದ್ದ ಹಾಗೆ ಇರದೆ ಗೆದ್ದಿತು. ನಾವು ಅಳುವುದು ಎರಡಕ್ಕೂ.

ಆದರೆ ಹುಲಿ ಅಲ್ಲೇ ಹಾರಿ ಪ್ರಾಣ ಬಿಡುತ್ತದೆ. ಚಿಕ್ಕಂದಿನಲ್ಲಿ ಇದು ಸಹಜ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಬದಲಾದ ಹುಲಿ ಮಾರನೆಯ ದಿನ ಹೇಗೆ ಬದುಕಬೇಕು ಎಂದು ಆ ಹಾಡಿಗೆ ಹೊಳೆದಿಲ್ಲ. ಹುಲಿ ಏನು ತಿನ್ನುತ್ತದೆ, ಉಳಿದ ಹಸುಗಳು ಅದನ್ನು ಹೇಗೆ ನಂಬುತ್ತವೆ, ಹಿಂದೆ ತಿಂದ ಹಸುಗಳ ಕರುಗಳಿಗೆ ಏನು ಹೇಳುತ್ತದೆ, ಇವೆಲ್ಲ ಕಷ್ಟದ ಪ್ರಶ್ನೆಗಳು. ಹುಲಿ ಸತ್ತುಹೋದರೆ ಯಾವುದಕ್ಕೂ ಉತ್ತರ ಬೇಕಿಲ್ಲ.

ನಮ್ಮ ಸುತ್ತ ಬದಲಾದವರಿಗೂ ನಾವು ಮಾರನೆಯ ದಿನ ಕೊಡುವುದು ಕಡಿಮೆ. ನನಗೆ ಗೊತ್ತಿರುವ ಹಿರಿಯರೊಬ್ಬರು, ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಾಗ, ಅವಳು ನನ್ನ ಪಾಲಿಗೆ ಸತ್ತಳು ಎಂದು ಛತ್ರದ ಮುಂದೆ ನಿಂತು ಕೂಗಾಡಿದ್ದರು. ಮೊಮ್ಮಗಳು ಹುಟ್ಟಿದ ಮೇಲೆ ಮನಸ್ಸು ತಿರುಗಿತು. ಹೋಗಿ ಬರಲು ಶುರು ಮಾಡಿದರು. ಆಗ ಅವರಿಗೆ ಜಾಸ್ತಿ ತೊಂದರೆ ಕೊಟ್ಟವರು ಅವರ ಕಡೆಯ ನೆಂಟರೇ. 'ಆವತ್ತು ಹಾಗೆ ಹಾರಾಡಿದ್ರಿ, ಈಗೇನಾಯ್ತು ಭಾವ?' ಎಂದು ಪ್ರತಿ ಮದುವೆ ಮನೆಯಲ್ಲೂ ಕೇಳಿದರು. ಅವರು ಸುಸಂಗತವಾಗಿರಬೇಕು ಅನ್ನುವುದು ನೆಂಟರ ಬೇಡಿಕೆ. ಅಂದರೆ ಮಗಳನ್ನು ದೂರ ಇಟ್ಟುಕೊಂಡೇ ಇರಬೇಕು. ಆ ಚುಚ್ಚುಮಾತಿಗೆ ಕೆಲವು ತಿಂಗಳು ಅವರು ಮಗಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಇಂಥ ಬೇಡಿಕೆಯನ್ನು ನಾನು ಯಾವ ಕಾರಣಕ್ಕೂ ಗೌರವಿಸಲಾರೆ.

ಅವರು ಮತ್ತೆ ಹೋಗತೊಡಗಿದರು. ಮೊಮ್ಮಗಳಿಗೆ ಬೆಣ್ಣೆ ಬಿಸ್ಕತ್ತು, ಮಗಳಿಗೆ ಹಪ್ಪಳ ಸಂಡಿಗೆ ತೆಗೆದುಕೊಂಡು ಹೋಗುತ್ತಾರೆ. ಅಳಿಯನ ಅಮ್ಮ ಮಾಡಿದ ಅಡುಗೆ ಉಣ್ಣುತ್ತಾರೆ. ಛತ್ರದ ಮುಂದೆ ಆಡಿದ ಮಾತಿನ ಬಗ್ಗೆ ಮಾತ್ರ ಇವತ್ತಿನವರೆಗೂ ತುಟಿ ಬಿಚ್ಚಿಲ್ಲ. ಮನೆಯವರೆಲ್ಲ, ಬಿಡು, ಬರ್ತಾ ಇದ್ದಾರಲ್ಲ, ಹಳೇದೆಲ್ಲ ಯಾಕೆ ಅನ್ನುತ್ತಾರೆ. ಅಳಿಯ ಒಪ್ಪುವುದಿಲ್ಲ. ಅವನು ಮಾವನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವವನೂ ಅವನೇ. ಆದರೂ ಒಮ್ಮೆ ನನ್ನ ಹತ್ತಿರ ಹೇಳಿದ: 'ಅವ್ರು ಬಂದಿದ್ದು ಸಂತೋಷವೇ. ಆದ್ರೆ ಆವತ್ತು ಅಂದಿದ್ದನ್ನ ನಮ್ಮಮ್ಮ ನಿಂತು ಕೇಳಿಸಿಕೊಂಡಿದ್ರು. ಅದು ತಪ್ಪು ಅಂತ ಒಂದು ಸಲ ನಮ್ಮಮ್ಮನ ಮುಂದೆ ಹೇಳ್ಲಿ. ನನಗೆ ಹೇಳೋದೇನೂ ಬೇಡ.'

ಅವನು ಕೇಳುತ್ತಿರುವುದು ಜಾಸ್ತಿ ಎಂದು ನನಗೆ ಅನ್ನಿಸಿಲ್ಲ. ನೆಂಟರು ಹಳೆಯ ಮಾತನ್ನು ಎತ್ತುವುದು ಆ ಹಿರಿಯರನ್ನು ಹಿಂದಕ್ಕೆ ಎಳೆಯಲು. ಅಳಿಯ ಅದನ್ನೇ ಎತ್ತುತ್ತಿರುವುದು ಅವರು ಪೂರ್ತಿ ಈಚೆ ಬರಲಿ ಎಂದು. ಮಾವನಿಗೆ ವಯಸ್ಸಾಗಿದೆ, ಹೇಳುವುದು ಕಷ್ಟ ಎಂಬುದೂ ನನಗೆ ಗೊತ್ತು. ಆದರೆ ಆ ಮಾತು ಆಡಿದ್ದು ಛತ್ರದ ಮುಂದೆ, ಅಷ್ಟು ಜನರ ಎದುರು. ಅಳಿಯ ಅದನ್ನು ಒಬ್ಬ ಹೆಂಗಸಿನ ಮುಂದೆ ಹಿಂದಕ್ಕೆ ತೆಗೆದುಕೊಂಡರೆ ಸಾಕು ಎನ್ನುತ್ತಿದ್ದಾನೆ.